ಐದನೇ ನಂಬರು, ಟ್ರಯಲಿಸ್ಟ್

ಇನ್ನಿಸ್ ಡಫಸ್‌ನ ಕಾಲುಗಳಿಗೆ ಎಡಕ್ಕೆ ತಿರುಗಿಯೇ ಗೊತ್ತು. ಹನ್ನೊಂದು ವರ್ಷ ಅವು ಕಾರ್ನೆಸ್ ಫುಟ್‌ಬಾಲ್ ಮೈದಾನದ ಆ ಇಕ್ಕಟ್ಟು ದಾರಿಯಲ್ಲಿ ನಡೆದು ಎಡಗಡೆಯ ಬಾಗಿಲನ್ನೇ ತಳ್ಳಿದ್ದವು. ಆ ಶನಿವಾರವೂ ತಳ್ಳಿದವು. ಮೂಲೆಯ ಮೊಳೆಗೆ ಕೋಟು ನೇತುಹಾಕಿ, ಬೆಂಚಿನ ಮೇಲೆ ಕೂತು, ಲೇಸು ಬಿಚ್ಚತೊಡಗಿದ ಮೇಲೆಯೇ ಕೋಣೆಯಲ್ಲಿ ಮಾತು ನಿಂತಿದೆ ಅನ್ನುವುದು ಅವನ ಗಮನಕ್ಕೆ ಬಂದದ್ದು.

"ಡಫ್ಫಿ," ಅಂದ ಪಕ್ಕದಲ್ಲಿ ಕೂತಿದ್ದ ಗ್ರೆಗರ್ ಸ್ಪಿಂಕ್, ಮೆಲ್ಲಗೆ. "ನಿಮ್ಮ ಕೋಣೆ ಎದುರುಗಡೇದು ಕಣೋ."

ಇಡೀ ತಂಡ ಘೊಳ್ಳೆಂದಿತು.

"ನಮ್ಮ ಸೋಪು ಕದಿಯಕ್ಕೆ ಬಂದಿದಾನೆ, ಹಿಡ್ಕೊಳ್ರೋ!"

"ಬಿಡ್ರೋ ಪಾಪ. ವಯಸ್ಸಾಯ್ತು. ಇವತ್ತು ಕೋಣೆ ಮರೆತ, ನಾಳೆ ಮನೆ ದಾರೀನೂ ಮರೀತಾನೆ."

ಇನ್ನಿಸ್ ತಾನೂ ನಕ್ಕ. ಕೋಟು ತೆಗೆದುಕೊಂಡ. ಎದುರಿನ ಬಾಗಿಲಿಗೆ ನಾಲ್ಕು ಹೆಜ್ಜೆ ಇರಬಹುದು. ಅಷ್ಟರಲ್ಲಿ ಅವನ ಕಿವಿ ಕೆಂಪಾಗಿ ಹೋಗಿತ್ತು.

ಕಳೆದ ಮೇ ತಿಂಗಳಲ್ಲಿ ಕಾರ್ನೆಸ್‌ನವರು ಅವನನ್ನು ತಂಡದಿಂದ ಬಿಟ್ಟಿದ್ದರು. ಹೊಸ ಮ್ಯಾನೇಜರಿಗೆ ಓಡುವ ಹುಡುಗರು ಬೇಕಾಗಿದ್ದರು. ಮೂವತ್ತೈದರ ಇನ್ನಿಸ್ ಓಡುವವನಲ್ಲ, ನಿಲ್ಲುವವನು. ಚೆಂಡು ಎಲ್ಲಿ ಬೀಳುತ್ತದೋ ಅಲ್ಲಿ ಮೊದಲೇ ಹೋಗಿ ನಿಂತು, ಹಣೆಯಿಂದ ಗುದ್ದಿ, ಬಂದ ದಾರಿಗೇ ಕಳಿಸುವವನು. ವಾರವೆಲ್ಲ ಊರಿನ ಮನೆಗಳ ಛಾವಣಿಗೆ ಕಲ್ಲಿನ ಹಲಗೆ ಹೊದಿಸುತ್ತಿದ್ದ. ಯಾವ ಛಾವಣಿ ಹತ್ತಿದರೂ ಮೈದಾನದ ದೀಪದ ಕಂಬಗಳು ಕಾಣುತ್ತಿದ್ದವು. ಬೆನ್ನು ಹಾಕಿ ಕೂತು ಮೊಳೆ ಹೊಡೆದ. ಶನಿವಾರ ಮಧ್ಯಾಹ್ನ ಮೂರಾದರೆ ಸಾಕು, ತೊಡೆಗಳು ತಾವಾಗಿ ಅದುರುತ್ತಿದ್ದವು. ಅಡುಗೆಮನೆಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದ, ಫ್ರಿಜ್ಜಿಗೆ ಭುಜ ಕೊಟ್ಟು ನಿಂತ.

"ಒಂದೋ ಎಲ್ಲಾದ್ರೂ ಹೋಗಿ ಆಡು, ಇಲ್ಲ ಕೂತ್ಕೋ," ಅಂದಳು ಹೆಂಡತಿ ಶೋನಾ. "ನನ್ನ ಫ್ರಿಜ್ಜು ಗೋಲು ಹೊಡಿಯಲ್ಲ, ಇನ್ನಿಸ್."

ಜನವರಿಯಲ್ಲಿ ಬ್ರೇಹಿಲ್ ರೋವರ್ಸ್‌ನ ಮ್ಯಾನೇಜರ್ ಮಾಫಟ್ ಫೋನು ಮಾಡಿದ. ಅವನ ಇಬ್ಬರು ಡಿಫೆಂಡರುಗಳಿಗೆ ಮಂಡಿ ಹೋಗಿತ್ತು. ಸಹಿ ಹಾಕದ ಆಟಗಾರನನ್ನು ಒಂದೆರಡು ಪಂದ್ಯ ಆಡಿಸಿ ನೋಡುವ ಪದ್ಧತಿ ಆ ಕೆಳಗಿನ ಡಿವಿಜನ್ನುಗಳಲ್ಲಿ ಮೊದಲಿನಿಂದ ಇದ್ದದ್ದೇ. ಅಂಥವನಿಗೆ ನಂಬರಿರುತ್ತದೆ, ಹೆಸರಿರುವುದಿಲ್ಲ. ಟ್ರಯಲಿಸ್ಟ್, ಅಷ್ಟೇ.

"ಒಂದೇ ಪಂದ್ಯ," ಅಂದಿದ್ದ ಮಾಫಟ್. "ಸೋಲಬಾರದು. ಸೋಲದೆ ಬಂದ್ರೆ ಸಹಿ, ಮುಂದಿನ ಸೀಸನ್ನೂ ಸೇರಿಸಿ. ಸೋತ್ರೆ ಕೈ ಕುಲುಕಿ ಮನೆಗೆ. ಬೇಜಾರು ಮಾಡ್ಕೋಬಾರದು."

"ಯಾರ ಮೇಲೆ, ಬಾಸ್?"

"ನಿಮ್ಮೂರಿನವರ ಮೇಲೇ. ಅವರ ಮೈದಾನದಲ್ಲೇ."

ಆ ವಾರ ಕಾರ್ನೆಸ್‌ನಲ್ಲಿ ಯಾರ ಬಾಯಲ್ಲೂ ಈ ಪಂದ್ಯದ ಮಾತಿರಲಿಲ್ಲ. ಊರಿನ ಮನಸ್ಸು ಅದರ ಮುಂದಿನ ಶನಿವಾರದ ಮೇಲಿತ್ತು. ಕಪ್ ಪಂದ್ಯಾವಳಿಯಲ್ಲಿ ಯಾರಿಗೆ ಯಾರು ಎದುರು ಎಂದು ಚೀಟಿ ಎತ್ತಿದಾಗ ಗ್ಲಾಸ್ಗೋದ ದೊಡ್ಡ ತಂಡದ ಎದುರು ಕಾರ್ನೆಸ್ ಬಂದಿತ್ತು. ಗ್ಲಾಸ್ಗೋದಲ್ಲೇ, ಐವತ್ತು ಸಾವಿರ ಜನರ ಮುಂದೆ. ಹನ್ನೊಂದು ವರ್ಷ ಇನ್ನಿಸ್ ಮತ್ತು ಸ್ಪಿಂಕ್ ಚೀಟಿ ಎತ್ತುವ ದಿನ ಒಂದೇ ಸೋಫಾದಲ್ಲಿ ಕೂತು ಅದಕ್ಕಾಗಿ ಕಾದಿದ್ದರು. ರಕ್ಷಣೆಯ ನಡುವಿನ ಜೋಡಿ ಅವರದು. ತವರಿನ ಪಂದ್ಯ ಮುಗಿದ ಪ್ರತಿ ಶನಿವಾರ ಸ್ಪಿಂಕ್ ಇವರ ಮನೆಗೇ ಊಟಕ್ಕೆ ಬರುತ್ತಿದ್ದ. ಹೆಂಡತಿ ಬಿಟ್ಟುಹೋದ ಮೇಲೆ ಅವನ ಒಲೆ ಶನಿವಾರ ಉರಿದದ್ದೇ ಇಲ್ಲ. ಇನ್ನಿಸ್‌ನನ್ನು ತಂಡದಿಂದ ಬಿಟ್ಟ ಮೇಲೂ ಬಂದ. ಚೀಟಿ ಎದ್ದ ಸುದ್ದಿಯನ್ನು ಅವರ ಮೇಜಿನ ಮುಂದೆ ಕೂತೇ ಹೇಳಿದ್ದ, ತಟ್ಟೆ ನೋಡುತ್ತ, ಏನೋ ತಪ್ಪು ಮಾಡಿದವನ ಹಾಗೆ.

ಸಮುದ್ರದಿಂದ ಗಾಳಿ ಅಡ್ಡಕ್ಕೆ ಬೀಸುತ್ತಿತ್ತು. ಮುದುಕ ಆರ್ಚೀ ಲೌಡ್‌ಸ್ಪೀಕರಿನಲ್ಲಿ ತಂಡಗಳನ್ನು ಓದಿದ. ಬ್ರೇಹಿಲ್‌ನ ನಾಲ್ಕನೇ ನಂಬರಾದ ಮೇಲೆ ಕೆಮ್ಮಿದ.

"ಐದನೇ ನಂಬರು... ಟ್ರಯಲಿಸ್ಟ್."

ಕಂಬಿಗೊರಗಿ ನಿಂತಿದ್ದ ಮುನ್ನೂರು ಜನ ಒಟ್ಟಿಗೆ ನಕ್ಕರು.

"ಯಾರೋ ಅದು ಹೊಸಬ? ನೋಡಿದ ಹಾಗಿದೆ ಮುಖ!"

"ಲೇ ಟ್ರಯಲಿಸ್ಟು! ನಮ್ಮಜ್ಜಿ ಮನೆ ಸೂರು ಸೋರ್ತಾ ಇದೆ, ಸೋಮವಾರ ಬಾರೋ!"

ಪ್ರೀತಿಯೇ ಅದು. ಇನ್ನಿಸ್ ಕೈ ಎತ್ತಿದ. ಆಮೇಲೆ ಕೈ ಎತ್ತಲು ಪುರುಸೊತ್ತಿರಲಿಲ್ಲ. ಕಾರ್ನೆಸ್‌ನ ಹುಡುಗರು ಓಡಿದರು, ಓಡಿದರು. ಇವನು ನಿಂತ. ಗಾಳಿ ಚೆಂಡನ್ನು ಎಲ್ಲಿಗೆ ತಳ್ಳುತ್ತದೆಂದು ಈ ಮೈದಾನದಲ್ಲಿ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಒಂದನ್ನು ಗೋಲಿನ ಗೆರೆಯ ಮೇಲಿಂದ ಒದ್ದು ತೆಗೆದ. ಹುಬ್ಬು ಒಡೆಯಿತು, ಬಟ್ಟೆ ಕಟ್ಟಿಸಿಕೊಂಡ. ನಾಲ್ಕು ಗಂಟೆಗೇ ಕತ್ತಲು. ದೀಪದಡಿಯಲ್ಲಿ ಬ್ರೇಹಿಲ್‌ನ ಸ್ಟ್ರೈಕರನ ಕಾಲಿಗೆ ಹೊಡೆದು ಸ್ಪಿಂಕ್ ಒಂದು ಹಳದಿ ಕಾರ್ಡು ತಿಂದ. ಎರಡೂ ಕಡೆ ಗೋಲಿಲ್ಲ. ಇನ್ನಿಸ್‌ನ ಕಣ್ಣು ಮತ್ತೆ ಮತ್ತೆ ಗಡಿಯಾರದ ಕಡೆ ಹೋಯಿತು. ಎಷ್ಟು ನೋಡಿದರೂ ಮುಳ್ಳು ಅಲ್ಲೇ ಇದ್ದ ಹಾಗಿತ್ತು.

ಕೊನೆಗೆ ಕಾರ್ನೆಸ್‌ಗೆ ಒಂದು ಕಾರ್ನರ್. ಸ್ಪಿಂಕ್ ಮುಂದೆ ಬಂದ. ಚೆಂಡು ಎತ್ತರಕ್ಕೆ ಹೋಗಿ, ಗಾಳಿಯಲ್ಲಿ ಅರೆಗಳಿಗೆ ತಡೆದು, ಇನ್ನಿಸ್ ಎಲ್ಲಿ ನಿಂತಿದ್ದನೋ ಅಲ್ಲಿಗೇ ಇಳಿಯತೊಡಗಿತು. ಮಂಡಿ ಬಾಗಿಸಿದ. ಇನ್ನೇನು ನೆಗೆಯಬೇಕು.

"ಬಿಡು ಡಫ್ಫಿ, ನಂದು!"

ಬಿಟ್ಟ.

ಯೋಚಿಸಲಿಲ್ಲ. ಹನ್ನೊಂದು ವರ್ಷ ಆ ದನಿ ಬಿಡು ಅಂದಾಗ ಬಿಟ್ಟಿದ್ದ, ಒಂದು ಸಲವೂ ಅದು ಕೈಕೊಟ್ಟಿರಲಿಲ್ಲ. ತಲೆ ತಗ್ಗಿಸಿದ. ಹಿಂದಿನಿಂದ ಬಂದ ಸ್ಪಿಂಕ್‌ನ ಹಣೆ ಚೆಂಡಿಗೆ ತಾಗಿದ ಸದ್ದು ಕೇಳಿತು, ಬಲೆ ಅಲುಗಿತು, ಮೈದಾನ ಕೂಗಿತು.

ಬ್ರೇಹಿಲ್‌ನ ಕೀಪರ್ ರೆಫರಿಯ ಕಡೆ ಓಡಿದ. "ಬಿಡು ಅಂದ್ರು ಸಾರ್! ಅವರ ಕಡೆಯವರು ಕೂಗಿದ್ದು, ಮೋಸ!" ಕಾರ್ನೆಸ್‌ನವರು ಅವನನ್ನು ತಳ್ಳಿದರು. "ಕೂಗಿದ್ದು ನೀನೇ ಕಣೋ ಸುಳ್ಳಾ!"

ರೆಫರಿ ಎಲ್ಲರನ್ನೂ ದೂರ ಸರಿಸಿ ಇನ್ನಿಸ್‌ನನ್ನು ಕರೆದ. ವಾರದ ದಿನಗಳಲ್ಲಿ ಮೇಷ್ಟರು ಅವನು, ಕೇಳುವ ರೀತಿಯೂ ಹಾಗೇ.

"ಬಿಡು ಅಂದದ್ದು ನನಗೂ ಕೇಳಿಸ್ತು. ಗಾಳಿಗೆ ಯಾರ ದನಿ ಅಂತ ತಿಳೀಲಿಲ್ಲ. ನಿಮ್ಮ ಕೀಪರ್ ಕೂಗಿದ್ರೆ ಗೋಲು ಸರಿ. ಎದುರಿನವರು ಕೂಗಿದ್ರೆ ಗೋಲಿಲ್ಲ, ಕೂಗಿದವನಿಗೆ ಕಾರ್ಡು. ಇಷ್ಟು ವರ್ಷದಲ್ಲಿ ನೀವು ನನ್ನ ಹತ್ರ ಸುಳ್ಳು ಹೇಳಿಲ್ಲ. ಯಾರು?"

ಸ್ಪಿಂಕ್ ಆಚೆ ನಿಂತಿದ್ದ. ಗೋಲು ಹೊಡೆದವನ ಖುಷಿ ಅವನ ಮುಖದಲ್ಲಿರಲಿಲ್ಲ. ಕೈಯನ್ನು ಬಾಯಿಯ ಮೇಲಿಟ್ಟುಕೊಂಡಿದ್ದ, ಆ ಮಾತನ್ನು ವಾಪಸು ಒಳಗೆ ತುರುಕುವವನ ಹಾಗೆ. ಬೇಕೆಂದು ಕೂಗಿದ್ದಲ್ಲ ಅನ್ನುವುದು ಇನ್ನಿಸ್‌ಗೆ ಅಷ್ಟು ದೂರದಿಂದಲೂ ಕಂಡಿತು. ತನ್ನ ಕಾಲು ಎಡಕ್ಕೆ ತಿರುಗಿದ ಹಾಗೆ ಅವನ ಬಾಯಿ ತಿರುಗಿತ್ತು. ಇನ್ನೊಂದು ಹಳದಿ ಕಾರ್ಡು ಅಂದರೆ ಕೆಂಪು. ಕೆಂಪು ಅಂದರೆ ಮುಂದಿನ ಶನಿವಾರ ಗ್ಲಾಸ್ಗೋ ಇಲ್ಲ.

ಕೀಪರ್ ಅನ್ನಬಹುದಿತ್ತು. ಯಾರೂ ಇಲ್ಲ, ನಾನೇ ಬಿಟ್ಟೆ ಅನ್ನಬಹುದಿತ್ತು. ಕಣ್ಣ ಮುಂದೆ ಅಡುಗೆಮನೆ ಬಂತು, ಫ್ರಿಜ್ಜು ಬಂತು, ಛಾವಣಿಯಿಂದ ಕಾಣುವ ಕಂಬಗಳು ಬಂದವು. ಇನ್ನೇನೋ ಒಂದೂ ಬಂತು, ಸೋಫಾದಲ್ಲಿ ಖಾಲಿ ಬಿದ್ದ ಅರ್ಧದಂಥದ್ದು. ಅದಕ್ಕೆ ಅವನು ಹೆಸರಿಡಲಿಲ್ಲ.

"ಸ್ಪಿಂಕ್," ಅಂದ.

ಕೆಂಪು ಕಾರ್ಡು ಮೇಲೆ ಹೋದಾಗ ಕಂಬಿಯ ಹತ್ತಿರ ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಶಾಲೆಯ ಅಂಗಳದಲ್ಲಿ ಕಲಿತ ಬೈಗುಳ ದೊಡ್ಡವರ ಗಂಟಲಿನಿಂದ ಎದ್ದಿತು.

"ಚಾಡಿಕೋರ! ಚಾಡಿಕೋರ!"

ಹೊರಗೆ ನಡೆಯುತ್ತಿದ್ದ ಸ್ಪಿಂಕ್ ಇನ್ನಿಸ್‌ನ ಪಕ್ಕದಲ್ಲಿ ನಿಂತ.

"ಬೇಕೂಂತ ಅಂದದ್ದಲ್ಲ ಕಣೋ. ಬಾಯಿಗೆ ಬಂದ್ಬಿಡ್ತು."

"ಗೊತ್ತು."

"ಗೊತ್ತಿದ್ದೂನಾ?" ಅಂದ ಸ್ಪಿಂಕ್. ಸಿಟ್ಟಿನಿಂದಲ್ಲ, ನಿಜವಾಗಿ ಕೇಳುವವನಂತೆ. ಉತ್ತರಕ್ಕೆ ನಿಲ್ಲಲಿಲ್ಲ.

ಪಂದ್ಯ ಗೋಲಿಲ್ಲದೆ ಮುಗಿಯಿತು. ಈ ಸಲ ಇನ್ನಿಸ್ ನೋಡಿಕೊಂಡು ಬಲಕ್ಕೆ ತಿರುಗಿದ. ಮಾಫಟ್ ಅವನ ಬೆನ್ನಿಗೆ ಎರಡು ಬಾರಿಸಿದ.

"ಹಳೇ ದೋಸ್ತಿ ಮುಖ ನೋಡ್ದೆ ಇರೋನು ಬೇಕಾಗಿತ್ತು ನನಗೆ. ಸಿಕ್ಕಿದೀಯ. ನಡಿ, ಬಸ್ಸಲ್ಲಿ ಸಹಿ ಹಾಕು."

ಇನ್ನಿಸ್‌ನ ಮನೆ ಮೈದಾನದಿಂದ ಎರಡು ಬೀದಿಯಾಚೆ. ಆದರೆ ಗೇಟಿನ ಹೊರಗೆ ಜನ ಇನ್ನೂ ನಿಂತಿದ್ದರು, ಅವರಲ್ಲಿ ಅರ್ಧದಷ್ಟು ಮಂದಿಯ ಛಾವಣಿ ಅವನೇ ಹೊದಿಸಿದ್ದು. ತಲೆಗೆ ಟೋಪಿ ಎಳೆದುಕೊಂಡು ಬ್ರೇಹಿಲ್‌ನವರ ಜೊತೆ ಬಸ್ಸು ಹತ್ತಿದ. ಮಾಫಟ್ ಕೊಟ್ಟ ಕಾಗದಕ್ಕೆ ಮಂಡಿಯ ಮೇಲಿಟ್ಟು ಸಹಿ ಹಾಕಿದ. ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾಯಿತು. ಯಾರೋ ತಣ್ಣಗಾದ ಪೈ ಕೊಟ್ಟರು. ಒಂದು ತುತ್ತು ಕಚ್ಚಿ, ಉಳಿದದ್ದನ್ನು ಕೈಯಲ್ಲೇ ಹಿಡಿದುಕೊಂಡ.

ಬಸ್ಸು ಬಂದರಿನ ತಿರುವಿನಲ್ಲಿ ನಿಧಾನವಾಗಿ ಅವನ ಬೀದಿಗೇ ಹೊರಳಿತು. ಬೇರೆ ದಾರಿ ಇರಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ದೀಪವಿತ್ತು, ಶೋನಾ ಮೇಜಿಗೆ ತಟ್ಟೆ ಇಡುತ್ತಿದ್ದಳು. ಬಾಗಿಲ ಮುಂದೆ, ಭುಜಕ್ಕೆ ಚೀಲ ಹಾಕಿಕೊಂಡು, ಕೈ ಅರ್ಧ ಎತ್ತಿ, ತಟ್ಟಬೇಕೋ ಬೇಡವೋ ತಿಳಿಯದೆ ನಿಂತಿದ್ದ ಗ್ರೆಗರ್ ಸ್ಪಿಂಕ್. ಕಾಲು ಅವನನ್ನು ಅಲ್ಲಿಗೇ ಕರೆತಂದಿತ್ತು.

ಇನ್ನಿಸ್ ಎದ್ದು ನಿಂತ.

"ಏನಾಯ್ತೋ? ಕೂತ್ಕೋ ಡಫಸ್," ಅಂದ ಮಾಫಟ್ ಮುಂದಿನ ಸೀಟಿನಿಂದ. ಆ ದಿನ ಬ್ರೇಹಿಲ್‌ನವರು ಯಾರಾದರೂ ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಹಿಂದಿನ ಗಾಜಿನಲ್ಲಿ ಬಾಗಿಲು ತೆರೆದುಕೊಂಡಿತು, ಬೆಳಕು ಬೀದಿಗೆ ಬಿತ್ತು. ಸ್ಪಿಂಕ್ ಒಳಗೆ ಹೋದನೋ ಇಲ್ಲವೋ ಕಾಣುವಷ್ಟರಲ್ಲಿ ಬಸ್ಸು ತಿರುಗಿತ್ತು. ಇಳಿಸಿ ಅನ್ನಲು ಇನ್ನಿಸ್ ಬಾಯಿ ತೆರೆದ. ಕಾಲಿಗೆ ಯಾವ ಕಡೆಯೂ ತೋಚಲಿಲ್ಲ. ಪೈ ಹಿಡಿದುಕೊಂಡು, ಇನ್ನೊಂದು ಕೈಯಿಂದ ಸೀಟಿನ ಬೆನ್ನು ಹಿಡಿದು, ಬ್ರೇಹಿಲ್ ಬರುವವರೆಗೂ ನಿಂತೇ ಇದ್ದ.