ಬರಿ೯

ಲೈಬ್ರರಿ ಎಂದರೆ ಕಪಾಟು, ಕಪಾಟಿನಲ್ಲಿ ಪುಸ್ತಕ, ಪುಸ್ತಕದ ಮೇಲೆ ಧೂಳು. ನೀಲಾಬಾಯಿಗೆ ಗೊತ್ತಿದ್ದದ್ದು ಇಷ್ಟೇ. ಹಾಗಾಗಿ ಮಗಳು ವಿಶಾಖಾ ಹಗಲೂ ಇರುಳೂ ಕಂಪ್ಯೂಟರಿನ ಮುಂದೆ ಕೂತು "ಲೈಬ್ರರಿ ಬರಿಯಾಕತ್ತೇನಿ" ಅಂದಾಗಲೆಲ್ಲ ಆಕೆ ಮನೆ ಮುಂದಿನ ಸೊಲ್ಲಾಪುರ ರಸ್ತೆಗೆ ಕೇಳುವಂತೆ ನಗುತ್ತಿದ್ದಳು. "ಒಂದ ಪುಸ್ತಕ ಇಲ್ಲದ ಲೈಬ್ರರಿ ನೋಡ್ರಿ ನಮ್ಮದು!"

ವಿಶಾಖಾ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಆಕೆಯ ಲೈಬ್ರರಿ ಪುಸ್ತಕದ್ದಲ್ಲ, ಕಂಪ್ಯೂಟರಿಗೆ ಬರೆದಿಟ್ಟ ಸೂಚನೆಗಳ ಕಟ್ಟು. ಅದರ ಕೆಲಸ ಒಂದೇ, ಹಳೆಯ ಕನ್ನಡವನ್ನು ಹೊಸದಕ್ಕೆ ತರುವುದು. ಹಿಂದೆ ಟೈಪ್ ಮಾಡಿದ ಕನ್ನಡ ಕಂಪ್ಯೂಟರಿನ ಹೊಟ್ಟೆಯೊಳಗೆ ಕನ್ನಡವೇ ಅಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರ. ಆ ಹಳೆಯ ಫಾಂಟ್ ಇಲ್ಲದ ಕಡೆ ತೆರೆದರೆ ವೇಷ ಕಳಚಿಬೀಳುತ್ತದೆ. ನೆತ್ತಿಗೊಂದು ಚುಕ್ಕಿ, ಬುಡಕ್ಕೊಂದು ಬಾಲ ಹಚ್ಚಿಕೊಂಡ ಅಕ್ಷರಗಳು ಹಲ್ಲು ಕಿಸಿಯುತ್ತವೆ. ಅವನ್ನು ಒಂದೊಂದಾಗಿ ಹಿಡಿದು ಯೂನಿಕೋಡಿಗೆ, ಅಂದರೆ ಇವತ್ತಿನ ಎಲ್ಲ ಮೊಬೈಲೂ ಓದುವ ಕನ್ನಡಕ್ಕೆ, ತಂದು ಕೂರಿಸಬೇಕು.

ಆ ದಿನ ಲೈಬ್ರರಿಯ ಮೊದಲ ನಿಜವಾದ ಪರೀಕ್ಷೆ ಬಸ್ಸು ಹತ್ತಿಕೊಂಡು ಬಂತು. ಮಮದಾಪುರದ ಕಸ್ತೂರಿ, ಜೊತೆಗೆ ಆಕೆಯ ತಂದೆ ಅಮೋಘಿ. ಕುರಿ ಕಾಯುತ್ತಲೇ ಡೊಳ್ಳಿನ ಪದ ಕಟ್ಟಿದ ಮುದುಕ ಈಗ ತನ್ನ ಪದಗಳನ್ನೇ ಮರೆಯತೊಡಗಿದ್ದ. ಕೆರೆಯ ಪದವೆಂದರೆ ಅವನಿಗೆ ಜೀವ. ಆದರೆ ಮೊದಲ ಸಾಲು ಹಾಡಿ, ಮುಂದಿನದು ಸಿಗದೆ ನಿಂತುಬಿಡುತ್ತಿದ್ದ. ಹಿಂದೊಮ್ಮೆ ತಿಕೋಟಾದ ಅಂಗಡಿಯೊಂದರಲ್ಲಿ ಹೇಳಿ ಟೈಪ್ ಮಾಡಿಸಿದ್ದ ಆ ಪದ ಒಂದು ಪೆನ್‌ಡ್ರೈವಿನಲ್ಲಿ ಉಳಿದಿತ್ತು. ಕಸ್ತೂರಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿ ತಂದಿದ್ದಳು.

"ಸಂಜೀಕ ಬಬಲೇಶ್ವರದಾಗ ನಮ್ಮ ಮೇಳ ಐತ್ರಿ ಅಕ್ಕಾರ. ಈ ಪದ ಒಮ್ಮೆರ ಕಡೀತನಾ ಹಾಡಬೇಕು ಅಂತ ನಮ್ಮಪ್ಪಗ ಭಾಳ ಆಸೆ. ಯಾವ ಮಷೀನ್ನಾಗ ಹಾಕಿದ್ರೂ ಬರೇ ಗಿಜಿಬಿಜಿ ಬರ್ತತ್ರಿ."

ವಿಶಾಖಾ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಗುಂಡಿ ಒತ್ತಿದಳು. ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಹಲ್ಲು ಕಿಸಿದಿದ್ದ ಅಕ್ಷರಗಳೆಲ್ಲ ಕನ್ನಡವಾಗಿ ನಿಂತವು!

"ಬಂತು ಬೇ ಯವ್ವಾ, ಬಂತು!" ಎಂದು ಆಕೆ ಕೂಗಿದ್ದಕ್ಕೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತುಹೋಯಿತು.

ಕಸ್ತೂರಿ ಪರದೆಗೆ ಮುಖ ಹಚ್ಚಿ ಓದಿದಳು. "ಕೆರಿ ತುಂಬ್ಯಾವೊ ಅಣ್ಣಾ, ಹಿಂಡ ಹೊಡಕೊಂಡ ಬರಿ... ಬರಿ ಒಂಬತ್ತ."

ಅಮೋಘಿಯ ಹುಬ್ಬು ಮೇಲೇರಿತು. "ಹಿಂಡ ಅಂದಮ್ಯಾಲ ಬರೀ ಒಂಬತ್ತ ಕುರೀನ? ಒಂಬತ್ತ ಕುರಿಗಿ ಯಾಂವ ಪದ ಕಟ್ಟತಾನ?"

"ನೀನ ಕಟ್ಟೀಯಲ್ಲೋ ಯಪ್ಪಾ."

"ನಾ ಕಟ್ಟಿಲ್ಲ! ಇದು ನಂದಲ್ಲ. ನಡಿ, ಬಸ್ಸ ಹೋಕ್ಕತಿ." ಮುದುಕ ಕೋಲೂರಿ ಎದ್ದೇಬಿಟ್ಟ.

ಕಸ್ತೂರಿಯ ಮುಖ ಬಾಡಿತು. ವಿಶಾಖಾಳಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವ ಸಂಕಟ. ಪರದೆಯ ಮೇಲೆ 'ಬರಿ೯' ಎಂದೇ ಇತ್ತು, ಒಂಬತ್ತು ದಪ್ಪಗೆ ಎದ್ದು ಕಾಣುತ್ತಿತ್ತು. ಕೆಳಗಿನ ಸಾಲುಗಳಲ್ಲೂ ಹಾಗೇ, ಒಂದರಲ್ಲಿ 'ಇರಿ೯', ಇನ್ನೊಂದರಲ್ಲಿ 'ತರಿ೯'. ಹಳೆಯ ಫೈಲನ್ನು ಕೆದಕಿದರೆ ಅಲ್ಲೂ ಒಂಬತ್ತೇ! ಲೈಬ್ರರಿ ಇದ್ದದ್ದನ್ನು ಇದ್ದ ಹಾಗೇ ತಂದಿತ್ತು. ತಪ್ಪು ಎಲ್ಲಿ ಅಂತ ಹುಡುಕುವುದು?

ಅಷ್ಟರಲ್ಲಿ ನೀಲಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಉಣಲಾರದ ಎಲ್ಲಿ ಹೊಂಟ್ರಿ ಕಾಕಾ? ರೊಟ್ಟಿ ಬಿಸಿ ಅದಾವು, ಬರ್ರಿ, ಬರ್ರಿ!"

ವಿಶಾಖಾ ಕುರ್ಚಿಯಿಂದ ಹಾರಿದಳು. "ಯವ್ವಾ, ಇನ್ನೊಮ್ಮೆ ಅನ್ನು!"

"ಏನ? ರೊಟ್ಟಿ?"

"ಅಲ್ಲ ಬೇ, ಕಡೀದು!"

"ಬರ್ರಿ. ಯಾಕ, ತಲಿ ಕೆಟ್ಟೈತೇನ?"

ಕೆಟ್ಟಿರಲಿಲ್ಲ, ಈಗಷ್ಟೇ ಸರಿಯಾಗಿತ್ತು. ಬರಿ ಒಂಬತ್ತಲ್ಲ, ಬರ್ರಿ! ಕನ್ನಡದ ಒಂಬತ್ತಕ್ಕೂ, ಅಕ್ಷರದ ಬಲಕ್ಕೆ ಬರೆದು ಅದಕ್ಕಿಂತ ಮೊದಲು ಉಚ್ಚರಿಸುವ ಅರ್ಧ 'ರ', ಅಂದರೆ ಅರ್ಕಾವತ್ತಿಗೂ ಅವಳಿ ಜವಳಿಯಂಥ ಹೋಲಿಕೆ. ತಿಕೋಟಾದ ಆ ಪುಣ್ಯಾತ್ಮ ಅರ್ಕಾವತ್ತಿನ ಗುಂಡಿ ಹುಡುಕುವ ಉಸಾಬರಿಗೆ ಹೋಗದೆ ಒಂಬತ್ತನ್ನು ಒತ್ತಿ ಕೈ ತೊಳೆದುಕೊಂಡಿದ್ದ. ಕಾಗದದ ಮೇಲೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಕಂಪ್ಯೂಟರಿಗೆ ಮಾತ್ರ ಒಂಬತ್ತೆಂದರೆ ಒಂಬತ್ತೇ. ವಿಶಾಖಾ ಪರೀಕ್ಷೆಗೆ ಹಾಕಿದ್ದ ಪುಸ್ತಕಗಳಲ್ಲಿ ಜನರೆಲ್ಲ 'ಬನ್ನಿ' ಎನ್ನುತ್ತಿದ್ದರು. ಮನೆಯಲ್ಲಿ ದಿನಾ ಕಿವಿಗೆ ಬೀಳುವ 'ಬರ್ರಿ' ಅವುಗಳಲ್ಲಿ ಇರಲೇ ಇಲ್ಲ, ಅದಕ್ಕೇ ಆಕೆಗೆ ಹೊಳೆದಿರಲಿಲ್ಲ.

ಆಕೆ ಲೈಬ್ರರಿಗೆ ಹೊಸದೊಂದು ನಿಯಮ ಸೇರಿಸಿದಳು: ಅಕ್ಷರಕ್ಕೆ ಅಂಟಿಕೊಂಡ ಒಂಬತ್ತು ಒಂಬತ್ತಲ್ಲ, ಅರ್ಕಾವತ್ತು. ಮತ್ತೆ ಗುಂಡಿ ಒತ್ತಿದಳು.

"ಕೆರಿ ತುಂಬ್ಯಾವೊ ಅಣ್ಣಾ, ಹಿಂಡ ಹೊಡಕೊಂಡ ಬರ್ರಿ!" ಕಸ್ತೂರಿ ಈ ಸಲ ಓದಲಿಲ್ಲ, ದನಿ ಎತ್ತಿ ಹಾಡಿದಳು.

ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದ ಅಮೋಘಿ ಹೊಸ್ತಿಲಲ್ಲೇ ನಿಂತ. ತುಟಿ ಅಲುಗಿದವು. ಮಗಳು ಮುಂದಿನ ಸಾಲಿಗೆ ಕಣ್ಣು ಹಾಯಿಸುವ ಮೊದಲೇ ಅವನ ಗಂಟಲಿನಿಂದ ಅದು ಹೊರಟಿತು. "ಬ್ಯಾಸರಾದ್ರ ಬೇವಿನ ನೆಳ್ಳಾಗ ಇರ್ರಿ, ಬುತ್ತಿಗಂಟ ಬಿಚ್ಚಿ ತರ್ರಿ!"

ಕಸ್ತೂರಿ ಪರದೆ ನೋಡುವುದನ್ನೇ ಬಿಟ್ಟು ಅಪ್ಪನ ಮುಖ ನೋಡುತ್ತ ಕೂತಳು. ಅವನು ಎಲ್ಲಿಯೂ ನಿಲ್ಲಲಿಲ್ಲ. ಕೋಲಿನಿಂದ ನೆಲ ಕುಟ್ಟಿ ತಾಳ ಹಾಕುತ್ತ ಕಡೆಯ ಸಾಲಿನವರೆಗೂ ಹಾಡಿದ. ಹಾಡಿ ಮುಗಿಸಿ ಎದೆ ತಟ್ಟಿಕೊಂಡ. "ನಂದ! ಇದು ನಂದ ಪದ!" ವಿಶಾಖಾಳಿಗೆ ಕುಣಿಯಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು.

ಉಂಡು ಹೊರಡುವಾಗ ಅಮೋಘಿ ಬಾಗಿಲಲ್ಲಿ ತಿರುಗಿ ನಿಂತ. "ಸಂಜೀಕ ಬಬಲೇಶ್ವರಕ್ಕ ನೀವೂ ಬರ್ರಿ."

"ಎಷ್ಟ ಮಂದಿ ಬರೂಣ್ರಿ ಕಾಕಾ?" ನೀಲಾಬಾಯಿ ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

"ಓಣಿ ಮಂದೀನೆಲ್ಲಾ ಹೊಡಕೊಂಡ ಬರ್ರಿ. ಬರಿ ಒಂಬತ್ತ ಆದ್ರ ನಾ ಹಾಡೂದಿಲ್ಲ!"