ಗಟ್ಟಿಹಾಲಿನ ಸೌಟು

ಹೊನ್ನೂರಮ್ಮ ಮರದ ಸೌಟನ್ನು ಸತ್ತ ಅಕ್ಕ ಸಾವಂತ್ರಮ್ಮನ ಬಲಗೈಯೊಳಗೆ ತೂರಿಸಿ ಬೆರಳು ಮಡಚಲು ನೋಡುತ್ತಿದ್ದಳು. ಬೆರಳು ಬಗ್ಗಲಿಲ್ಲ. ಕೊನೆಗೆ ಅಕ್ಕನ ಸೆರಗಿನಿಂದಲೇ ಸುತ್ತಿ ಕಟ್ಟಿದಳು.

“ಇದರ ಮ್ಯಾಲೇ ಜೀವ ಇಟ್ಕಂಡಿದ್ಲು,” ಎಂದಳು. “ನಲವತ್ತು ವರ್ಷದಾಗೆ ನಮ್ಮ ಜಗಳೂರಿಗೆ ಬಂದು ಎರಡು ರಾತ್ರಿ ಉಳೀಲಿಲ್ಲ. ಹಾಲು ಕಾಸ್ಬೇಕು ಅಂತ ಓಡಿ ಬರೋಳು. ತಗಂಡೇ ಹೋಗ್ಲಿ.”

ನ್ಯಾಮತಿಯ ಆ ಮನೆಯಂಗಳದಲ್ಲಿ ಕೂತವರು ತಲೆಯಾಡಿಸಿದರು. ಮಣ್ಣಿಗಿಡುವಾಗ ಸತ್ತವರಿಗೆ ಇಷ್ಟವಾದದ್ದನ್ನು ಜೊತೆಗಿಡುವುದು ಅವರಲ್ಲಿ ರೂಢಿ. ಸಾವಂತ್ರಮ್ಮನ ಮಾವನ ಜೊತೆ ಎಲೆಯಡಿಕೆ ಚೀಲ ಹೋಗಿತ್ತು.

ಸೊಸೆ ಸುನೀತಾ ಬಾಗಿಲಲ್ಲಿ ನಿಂತು ನೋಡಿದಳು. ಅವಳಿಗೆ ಮೊದಲು ಆದದ್ದು ಸಮಾಧಾನ, ಅದರ ಬೆನ್ನಿಗೇ ನಾಚಿಕೆ. ಬೆಳಿಗ್ಗೆಯಿಂದ ಬಂದವರೆಲ್ಲ, “ಇನ್ನು ನಿಮ್ಮ ಮಾವನ ಕಾಫಿ ನೀನೇ ನೋಡ್ಕಬೇಕವ್ವ,” ಎಂದಿದ್ದರು. ಅವಳು ಎಂಟೂವರೆ ಬಸ್ಸಿಗೆ ಹೊನ್ನಾಳಿಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವವಳು. ಆ ಕಾಫಿಗೆ ಬೇಕಾದ ಗಟ್ಟಿಹಾಲು ಕಾಸುವ ಕೆಲಸ ಕೊರಳಿಗೆ ಬಿದ್ದರೆ ಬಸ್ಸು ತಪ್ಪುತ್ತದೆ, ಬಸ್ಸು ತಪ್ಪಿದರೆ ಕೆಲಸ.

ಹೆಣವಿರುವ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಪಕ್ಕದ ಮನೆಯ ವಾಣಿಶ್ರೀ ಕಾಫಿ ತಂದುಕೊಟ್ಟಳು. ಮಾವ ದುರುಗಪ್ಪ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ.

“ಅವಳ ಕೈ ರುಚಿ ಎಲ್ಲಿ ಬರ್ತೈತೆ,” ಎಂದು ಅತ್ತ. ಅಳು ಸುಳ್ಳಲ್ಲ. ಹೆಂಡತಿಗೆ ಎಷ್ಟು, ಕಾಫಿಗೆ ಎಷ್ಟು ಎಂದು ಹೇಳುವುದು ಮಾತ್ರ ಕಷ್ಟ.

*

ದುರುಗಪ್ಪನ ನಾಲಿಗೆಗೆ ಡಬ್ಬಿಯಲ್ಲಿ ಬರುವ ಸಿಹಿ ಗಟ್ಟಿಹಾಲಿನ ಕಾಫಿಯ ರುಚಿ ಹತ್ತಿದ್ದು ಮಂಗಳೂರಿಗೆ ಲಾರಿ ಓಡಿಸುತ್ತಿದ್ದ ಕಾಲದಲ್ಲಿ. ಆಗ ನ್ಯಾಮತಿಯಲ್ಲಿ ಡಬ್ಬಿ ಸಿಗುತ್ತಿರಲಿಲ್ಲ, ಹೆಂಡತಿ ಸಿಕ್ಕಿದ್ದಳು. ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆ, ಎರಡು ಲೀಟರ್ ಹಾಲು, ಅರ್ಧ ಕೆಜಿ ಸಕ್ಕರೆ, ಸಣ್ಣ ಉರಿ. ಎರಡು ತಾಸು ಬಿಡದೆ ಕೈಯಾಡಿಸಿದರೆ ಒಂದು ಪಿಂಗಾಣಿ ಜಾಡಿ, ಎರಡು ದಿನಕ್ಕೆ. ಫ್ರಿಜ್ ಬಂತು, ಅದರೊಳಗಿಟ್ಟರೆ ರುಚಿ ಕೆಡುತ್ತದೆ ಎಂದ. ಡಬ್ಬಿಯೂ ಊರಿನ ಅಂಗಡಿಗೆ ಬಂತು, ಇದರಂತಿಲ್ಲ ಎಂದ. ಸೌಟಿನ ತುದಿ ಒಂದು ಕಡೆ ಸವೆದು ಓರೆಯಾಯಿತು.

ಮದುವೆಯಾದ ಹೊಸತರಲ್ಲಿ ಸುನೀತಾ, “ಕೊಡ್ರಿ ಅತ್ತೆ, ನಾನು ತಿರುವ್ತೀನಿ, ಒಂಚೂರು ಕೂತ್ಕಳ್ರಿ,” ಎಂದು ಕೈ ಚಾಚಿದ್ದಳು. ಸಾವಂತ್ರಮ್ಮ ಆ ಕೈಯನ್ನು ಹಿಂದಕ್ಕೆ ತಳ್ಳಿದಳು.

“ಕಲೀಬ್ಯಾಡ. ಒಂದ್ಸಲ ಚೆನ್ನಾಗಾತು ಅಂದ್ರೆ ಮುಗೀತು ನಿನ್ ಕತೆ.” ಆಮೇಲೆ ಹಾಲನ್ನೇ ನೋಡುತ್ತ ಹೇಳಿದಳು: “ಹೊನ್ನೂರಿ ಮನೇಲಿ ಎಂಟು ದಿನ ಸುಮ್ನೆ ಬಿದ್ಕಂಡಿರಬೇಕು ಅಂತ ಆಸೆ ಐತೆ ನಂಗೆ. ಇದು ಬಿಡಂಗಿಲ್ಲ. ಬಿಟ್ರೆ ತಳ ಹಿಡಿತೈತೆ.”

*

ಹೆಣವನ್ನು ಗುಂಡಿಗಿಳಿಸಿದರು. ಮಗ ವಿನೋದ್ ಮೊದಲ ಹಿಡಿ ಮಣ್ಣು ತೆಗೆದುಕೊಂಡ. ಸುನೀತಾ ಬಾಯಿ ಮುಚ್ಚಿ ನಿಂತಿದ್ದರೆ ಸಾಕಿತ್ತು, ಸೌಟು ಮಣ್ಣಾಗುತ್ತಿತ್ತು. ಆದರೆ ಹಾಗೆ ಬಿಟ್ಟರೆ ಅತ್ತೆ ಮಣ್ಣಿನೊಳಗೂ ಅದನ್ನು ಹಿಡಿದೇ ಮಲಗಬೇಕಾಗಿತ್ತು.

“ತಡೀರಿ,” ಎಂದಳು. “ಆ ಸೌಟು ತೆಗೀರಿ.”

“ಯಾಕವ್ವ?” ಎಂದಳು ಹೊನ್ನೂರಮ್ಮ.

“ಅತ್ತೆಗೆ ಅದು ಇಷ್ಟ ಇರ್ಲಿಲ್ಲ ಸಣ್ಣತ್ತೆ. ನಿಮ್ಮನೇಲಿ ಎಂಟು ದಿನ ಇರ್ಬೇಕು ಅಂತಿದ್ರು. ಇದನ್ನ ಬಿಟ್ಟು ಬರಾಕೆ ಆಗ್ಲಿಲ್ಲ.”

ಹೊನ್ನೂರಮ್ಮ ಅವಳನ್ನೇ ನೋಡಿದಳು. ಅಕ್ಕನ ಮೇಲೆ ನಲವತ್ತು ವರ್ಷ ಇಟ್ಟುಕೊಂಡಿದ್ದ ಮುನಿಸನ್ನು ಈಗ ಯಾರ ಮೇಲೆ ಹಾಕಬೇಕೋ ತಿಳಿಯದೆ ಗುಂಡಿಯ ಅಂಚಿನಲ್ಲೇ ಕೂತಳು.

ಗುಂಡಿಯೊಳಗಿದ್ದವನು ಗಂಟು ಬಿಚ್ಚಿ ಸೌಟನ್ನು ಮೇಲಕ್ಕೆ ಚಾಚಿದ. ಯಾರೂ ಕೈ ಮುಂದೆ ಮಾಡಲಿಲ್ಲ. ಎಲ್ಲರೂ ಸುನೀತಾಳನ್ನು ನೋಡಿದರು. ಅವಳೇ ತೆಗೆದುಕೊಂಡಳು.

ಮಣ್ಣು ಮುಚ್ಚಿಯಾಯಿತು. ದುರುಗಪ್ಪನ ಕಣ್ಣು ಸೊಸೆಯ ಕೈಯಲ್ಲಿದ್ದ ಸೌಟಿನ ಮೇಲೆ ಬಿತ್ತು. ಬೆಳಿಗ್ಗೆಯಿಂದ ಮೊದಲ ಸಲ ಅವನ ಮುಖ ಸಡಿಲವಾಯಿತು.

“ಒಳ್ಳೇದಾತು ಬಿಡವ್ವ. ತಿಥಿ ಮುಗೀಲಿ, ಹಾಲಿನವ್ನಿಗೆ ಎರಡು ಲೀಟರೇ ಹಾಕಾಕೆ ಹೇಳ್ತೀನಿ.”

ಸುನೀತಾ ಗಂಡನ ಕಡೆ ನೋಡಿದಳು. ವಿನೋದ್ ಉಗುರಿನ ಮಣ್ಣು ತೆಗೆಯುತ್ತಿದ್ದ.

“ಹೇಳ್ರಿ ಮಾವ,” ಎಂದು ಸೌಟನ್ನು ಮಾವನ ಕೈಗೇ ಕೊಟ್ಟಳು. “ಎರಡು ತಾಸು ಕೈ ನಿಲ್ಲಿಸ್ಬ್ಯಾಡ್ರಿ.”

ಹಾಗೆಂದು ಹೊನ್ನೂರಮ್ಮನನ್ನು ಎಬ್ಬಿಸಿಕೊಂಡು ಮುಂದೆ ನಡೆದಳು. ದುರುಗಪ್ಪ ಎಲ್ಲರಿಗಿಂತ ಹಿಂದೆ ಬಂದ. ಎಲ್ಲಿ ಇಡಬೇಕೋ ತಿಳಿಯದೆ ಮನೆಯ ತನಕ ಸೌಟನ್ನು ಹಿಡಿದೇ ತಂದ, ಹಿಡಿಕೆ ಕೆಳಗಾಗಿ, ಸವೆದ ತುದಿ ಅಂಗೈಯೊಳಗೆ.