ವೇಡ್‌ನ ಕತ್ತರಿ

“ಮೊದಲು ಊಟಕ್ಕೆ ಏನು ಬೇಕೋ ಹೇಳಿಬಿಡಿ. ಕೊಲೆ ಆಮೇಲೆ ಶುರು ಮಾಡೋಣ,” ಎಂದು ಡೆಲ್ಫಿನಾ ಮೆನು ಕಾರ್ಡನ್ನು ಮೇಜಿನ ಮೇಲೆ ಜಾರಿಸಿದಳು.

ಸುತ್ತ ಕೂತಿದ್ದವರೆಲ್ಲ ನಕ್ಕರು. ಲೋವೆಲ್ ಪ್ರೂಟ್ ನಗಲಿಲ್ಲ. ಆ ಮಾತು ಅವನದೇ. ಬರ್‌ಬ್ಯಾಂಕಿನ ಇದೇ ಸ್ಟುಡಿಯೋದಲ್ಲಿ, ಮೇಜಿನ ತುದಿಯ ಆ ದೊಡ್ಡ ಕುರ್ಚಿಯಲ್ಲಿ ಕೂತು, ಇಪ್ಪತ್ತು ವರ್ಷ ಅವನೇ ಅದನ್ನು ಹೇಳಿ ಎಲ್ಲರನ್ನೂ ನಗಿಸಿದ್ದ. ಇವತ್ತು ಆ ಕುರ್ಚಿಯಲ್ಲಿ ಡೆಲ್ಫಿನಾ ಇದ್ದಳು. ಮೇಜಿನ ಮೇಲೆ ಬಿದ್ದಿದ್ದ ಚಿತ್ರಕಥೆ ಲೋವೆಲ್‌ನದು.

ಹಾಲಿವುಡ್ಡಿನಲ್ಲಿ ಮಾರಿದ ಮೇಲೆ ಚಿತ್ರಕಥೆ ಬರೆದವನದಲ್ಲ. ಶೂಟಿಂಗಿಗೆ ಮುಂಚೆ ನಿರ್ಮಾಪಕರು ನಗಿಸುವವರ ಒಂದು ಹಿಂಡನ್ನು ಕೋಣೆಯಲ್ಲಿ ಕೂಡಿಹಾಕಿ, ದಿನದ ಲೆಕ್ಕದಲ್ಲಿ ಸಂಬಳ ಕೊಟ್ಟು, ಪುಟಪುಟಕ್ಕೂ ನಗು ತುರುಕಿಸುತ್ತಾರೆ. ಬರೆದವನು ಪಕ್ಕದಲ್ಲೇ ಕೂತು, ತನ್ನ ಮಗುವಿನ ತಲೆ ಬೋಳಿಸುವುದನ್ನು ನೋಡುತ್ತಾ, ಬೋಳಿಸಿದವರಿಗೆ ಥ್ಯಾಂಕ್ಸ್ ಹೇಳಬೇಕು. ಲೋವೆಲ್ ಶ್ರೀಮಂತನಾಗಿದ್ದೇ ಹೀಗೆ ಬೋಳಿಸಿ. ಬ್ರೆಂಟ್‌ವುಡ್ಡಿನಲ್ಲಿ ಮನೆ, ಆ ಮನೆಗೆ ಎರಡು ಅಡುಗೆಮನೆ, ಅದರಲ್ಲೊಂದರಲ್ಲಿ ಯಾರೂ ಎಂದೂ ಒಲೆ ಹಚ್ಚಿದ್ದಿಲ್ಲ. ಈಜುಕೊಳ, ತೋಟ, ಮೂರನೆಯ ಹೆಂಡತಿ. ಯಾವ ಚಿತ್ರದ ತೆರೆಯ ಮೇಲೂ ಅವನ ಹೆಸರು ಬರುತ್ತಿರಲಿಲ್ಲ, ಆದರೆ ಊರಿನ ನಿರ್ಮಾಪಕರಿಗೆಲ್ಲ ಅವನ ಫೋನ್ ನಂಬರು ಬಾಯಿಪಾಠವಾಗಿತ್ತು.

ಡೆಲ್ಫಿನಾಳ ಮೊದಲ ಚಿತ್ರಕಥೆಯನ್ನು ಕೈಗೆ ತೆಗೆದುಕೊಂಡವನೂ ಅವನೇ. ಬೀದಿ ಬದಿಯಲ್ಲಿ ತಿಂಡಿ ಮಾರಿ ಮೊಮ್ಮಗಳನ್ನು ಸಾಕಿದ ಅವಳ ಅಜ್ಜಿಯ ಕಥೆ ಅದು. ಮಧ್ಯಾಹ್ನದ ಊಟದ ಹೊತ್ತಿಗೆ ಲೋವೆಲ್ ಅಜ್ಜಿಯನ್ನು ತೆಗೆದು ಅವಳ ಜಾಗಕ್ಕೆ ಒಂದು ಮಾತಾಡುವ ಗಿಣಿಯನ್ನು ತಂದಿದ್ದ. ಚಿತ್ರ ಭರ್ಜರಿ ಓಡಿತು. ಆ ದಿನ ಡೆಲ್ಫಿನಾ ಎದ್ದು ಹೋಗಿ ತುಂಬಾ ಹೊತ್ತು ಬಚ್ಚಲುಮನೆಯಲ್ಲಿದ್ದು, ಕಣ್ಣು ಕೆಂಪಗೆ ಮಾಡಿಕೊಂಡು ಬಂದು ಥ್ಯಾಂಕ್ಸ್ ಹೇಳಿದ್ದಳು. ಲೋವೆಲ್ ಅದನ್ನು ಪಾರ್ಟಿಗಳಲ್ಲಿ ಅಭಿನಯಿಸಿ ತೋರಿಸುತ್ತಿದ್ದ.

ಈಗ ತಲೆ ಬೋಳಿಸಿಕೊಳ್ಳುವ ಸರದಿ ಅವನ ಮಗುವಿನದು. ಮಿಕ್ಕಿದ್ದೆಲ್ಲ ಹೋದರೆ ಹೋಗಲಿ, ಎರಡು ಪುಟ ಉಳಿಯಬೇಕು.

ಆ ಎರಡು ಪುಟದಲ್ಲಿ ಅವನ ಅಣ್ಣ ವೇಡ್ ಇದ್ದ. ಬೇಕರ್ಸ್‌ಫೀಲ್ಡಿನಲ್ಲಿ ನಲ್ಲಿ ರಿಪೇರಿ ಮಾಡುತ್ತಿದ್ದವನು. ಚಿಕ್ಕಂದಿನಲ್ಲಿ, ಅಮ್ಮ ಸತ್ತ ಮೇಲೆ, ಲೋವೆಲ್‌ನ ಕೂದಲು ಕತ್ತರಿಸುತ್ತಿದ್ದವನು ವೇಡ್, ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಅಮ್ಮನ ಹೊಲಿಗೆ ಕತ್ತರಿಯಲ್ಲಿ. ತಮ್ಮ ಕೋಟಿಗಟ್ಟಲೆ ಗಳಿಸಿದ ಮೇಲೂ ವೇಡ್ ಒಂದು ಡಾಲರ್ ಮುಟ್ಟಲಿಲ್ಲ. ಕಾಯಿಲೆ ಬಿದ್ದಾಗ ಆಸ್ಪತ್ರೆಯ ಖರ್ಚಿಗೆಂದು ಚೆಕ್ ಕೊಟ್ಟರೆ ವಾಪಸ್ಸು ತಮ್ಮನ ಜೇಬಿಗೆ ತುರುಕಿ, “ಇಟ್ಕೊಳೋ, ಅಷ್ಟು ದೊಡ್ಡ ಮನೆಗೆ ಬಲ್ಬ್ ಹಾಕೋಕೇ ಬೇಕು,” ಅಂದಿದ್ದ. ಕೊನೆಯ ಸಲ ಬಂದಾಗ ಆ ಒಲೆ ಹಚ್ಚದ ಅಡುಗೆಮನೆಯಲ್ಲಿ ತಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ ಕೂದಲು ಕತ್ತರಿಸಿದ. ಇಬ್ಬರೂ ಒಂದು ಮಾತೂ ಆಡಲಿಲ್ಲ. ಮುಂದಿನ ತಿಂಗಳು ವೇಡ್ ಇರಲಿಲ್ಲ.

ನಡೆದದ್ದನ್ನು ನಡೆದ ಹಾಗೇ ಬರೆದ ಆ ಎರಡು ಪುಟ ಬಿಟ್ಟರೆ ಲೋವೆಲ್ ಜೀವಮಾನದಲ್ಲಿ ಒಂದು ನಿಜವಾದ ಸಾಲು ಬರೆದಿರಲಿಲ್ಲ. ನಿರ್ಮಾಪಕ ಗ್ಲೆನ್‌ಗೆ ಅವನು ಮೊದಲೇ ಹೇಳಿದ್ದ, ಕೂದಲಿನ ದೃಶ್ಯ ಮುಟ್ಟಬೇಡಿ ಎಂದು. ಗ್ಲೆನ್ “ನೋಡೋಣ” ಎಂದು ಅವನ ಬೆನ್ನು ತಟ್ಟಿದ್ದ. ಆ ತಟ್ಟುವಿಕೆಯ ಅರ್ಥ ಲೋವೆಲ್‌ಗೆ ಚೆನ್ನಾಗಿ ಗೊತ್ತಿತ್ತು.

ಕೆಲಸ ಶುರುವಾಯಿತು. ಚಿತ್ರಕಥೆಯ ಪುಟಗಳು ಗೋಡೆಯ ಪರದೆಯ ಮೇಲೆ ಬರುತ್ತಿದ್ದವು, ಯಾರು ಏನು ಹೇಳಿದರೂ ಮೂಲೆಯಲ್ಲಿ ಕೂತ ಹುಡುಗಿ ಟೈಪ್ ಮಾಡುತ್ತಿದ್ದಳು.

“ಈ ನಾಯಕ ಯಾಕೆ ಇಷ್ಟು ನಿಟ್ಟುಸಿರು ಬಿಡ್ತಾನೆ? ಟೈರ್ ಪಂಕ್ಚರಾ?” ಎಂದ ಬ್ರೆಟ್. ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡ, ಇನ್ನೂ ಮೂವತ್ತು ದಾಟದ ಆಸಾಮಿ.

“ಬರೆದವರು ಇಲ್ಲೇ ಇದಾರಪ್ಪ, ಮೆಲ್ಲಗೆ,” ಎಂದಳು ಡೆಲ್ಫಿನಾ. “ಲೋವೆಲ್, ಬೇಜಾರಿಲ್ಲ ತಾನೇ? ಬಚ್ಚಲುಮನೆ ಎಡಗಡೆಗಿದೆ.”

ಕೋಣೆಯಲ್ಲಿ ನಗುವಿನ ಅಲೆ ಎದ್ದಿತು. ಲೋವೆಲ್ ನೀರು ಕುಡಿದ. ನಾಯಕನ ಮದುವೆಯ ದೃಶ್ಯಕ್ಕೆ ಒಂದು ಆಡು ಬಂತು. ಮಾವನಿಗೆ ಗ್ಯಾಸ್ ತೊಂದರೆ ಬಂತು. ಗ್ಲೆನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಲೋವೆಲ್ ಒಳಗೊಳಗೇ ಎಲ್ಲದಕ್ಕೂ ಅಂಕ ಕೊಡುತ್ತಿದ್ದ. ಎಲ್ಲ ಸಾಧಾರಣ. ಒಬ್ಬನಿಗೂ ಟೈಮಿಂಗ್ ಗೊತ್ತಿಲ್ಲ. ನನ್ನ ಕಾಲದಲ್ಲಿ ಇವರನ್ನು ಕಾಫಿ ತರೋಕೆ ಇಟ್ಟುಕೊಳ್ಳುತ್ತಿದ್ದೆ ಎಂದುಕೊಂಡ.

ಆಮೇಲೆ ಗೋಡೆಯ ಮೇಲೆ ಆ ಎರಡು ಪುಟ ಬಂದವು.

ಎಲ್ಲರೂ ಓದಿದರು. ಬ್ರೆಟ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದ. ಗ್ಲೆನ್ ಪೆನ್ನಿನ ಮುಚ್ಚಳ ಹಾಕಿದ. ಎಸಿಯ ಗುಂಯ್ ಸದ್ದೊಂದೇ ಕೇಳುತ್ತಿತ್ತು.

ಲೋವೆಲ್‌ಗೆ ಬೆವರಿತು. ಇಂಥ ಕೋಣೆಯಲ್ಲಿ ಸದ್ದಿಲ್ಲ ಎಂದರೆ ಬರೆದದ್ದು ಸತ್ತಿದೆ ಎಂದೇ ಅರ್ಥ. ಇಪ್ಪತ್ತು ವರ್ಷ ಅವನು ಹೆದರಿದ್ದು ಇದೊಂದಕ್ಕೇ.

“ಇದನ್ನ ಬಿಡೋಣ,” ಎಂದಳು ಡೆಲ್ಫಿನಾ. “ಮುಂದಿನ ಪುಟ ಹಾಕಮ್ಮ.”

“ಯಾಕೆ?” ಎಂದ ಲೋವೆಲ್. “ಕೈಲಾಗಲ್ವಾ?”

“ಇರೋ ಹಾಗೇ ಇರಲಿ.”

“ನನಗೇನು ಭಿಕ್ಷೆ ಹಾಕ್ತಿದೀಯಾ?”

“ಭಿಕ್ಷೆ ಏನ್ ಬಂತು ಇದರಲ್ಲಿ? ಚೆನ್ನಾಗಿದೆ ಅಂತ ಬಿಟ್ಟೆ, ಅಷ್ಟೇ.” ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಅದೇ ಲೋವೆಲ್‌ಗೆ ಹೆಚ್ಚು ಚುಚ್ಚಿತು. ಇವಳು ಚೆನ್ನಾಗಿದೆ ಅನ್ನುವುದೆಂದರೇನು? ಮುದುಕನಾದೆ ಅಂತ ಕನಿಕರ. ಬ್ರೆಟ್ ನಗು ಅಡಗಿಸೋಕೆ ತಲೆ ತಗ್ಗಿಸಿದ್ದಾನೆ. ರಾತ್ರಿ ಯಾವುದೋ ಪಾರ್ಟಿಯಲ್ಲಿ ಈ ಮೌನವನ್ನು ಅಭಿನಯಿಸಿ ತೋರಿಸುತ್ತಾರೆ. ಲೋವೆಲ್‌ಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ, ಎಂದಿನಂತೆ, ನಾಲಿಗೆಯ ತುದಿಗೆ ಜೋಕು ತಾನಾಗಿಯೇ ಬಂತು.

“ಕೇಳಿ ಇಲ್ಲಿ,” ಎಂದು ಅವನು ಎದ್ದು ನಿಂತ. “ಅಣ್ಣ ಕೂದಲು ಕತ್ತರಿಸ್ತಿದಾನೆ. ಸದ್ದಿಲ್ಲ. ತಮ್ಮನ ಕಣ್ಣಲ್ಲಿ ನೀರು. ‘ಅಣ್ಣಾ, ಏನಾದ್ರೂ ಮಾತಾಡೋ’ ಅಂತಾನೆ. ಅಣ್ಣ ಬಗ್ಗಿ ಕಿವಿ ಹತ್ರ ಬರ್ತಾನೆ.” ಲೋವೆಲ್ ತಡೆದ. ಎಷ್ಟು ತಡೆಯಬೇಕೋ ಸರಿಯಾಗಿ ಅಷ್ಟೇ. “‘ಬೇಗ ಏಳೋ, ಹಿಂದೆ ಇನ್ನೂ ನಾಲ್ಕು ತಲೆ ಕಾಯ್ತಿವೆ.’ ಕ್ಯಾಮೆರಾ ತಿರುಗುತ್ತೆ. ಈಜುಕೊಳದ ಪಕ್ಕ ಬ್ರೆಂಟ್‌ವುಡ್ಡಿನ ನಾಲ್ಕು ಜನ ಕೋಟ್ಯಧೀಶರು, ಕುತ್ತಿಗೆಗೆ ಟವಲ್ ಸುತ್ತಿಕೊಂಡು, ಕೈಯಲ್ಲಿ ಟೋಕನ್ ಹಿಡಕೊಂಡು ಸಾಲಾಗಿ ಕೂತಿದಾರೆ!”

ಕೋಣೆ ನಗುವಿನಿಂದ ಸಿಡಿಯಿತು. ಬ್ರೆಟ್ ಒದ್ದೆ ಕಣ್ಣು ಒರೆಸಿಕೊಳ್ಳುತ್ತಲೇ ಮೇಜು ಗುದ್ದಿ, “ದುಡ್ಡು ಬೇರೆ ಕೇಳ್ತಾನೆ! ‘ಅರವತ್ತು ಡಾಲರ್. ಒಡಹುಟ್ಟಿದವನು ಅಂತ ಹತ್ತು ಜಾಸ್ತಿ!’” ಎಂದು ಕೂಗಿದ. ಗ್ಲೆನ್ ಉಸಿರು ಸಿಗದೆ ಕೆಮ್ಮಿದ. “ಹಳೇ ಹುಲಿ ಕಣ್ರೋ!” ಎಂದು ಯಾರೋ ಅಂದರು. ಎಷ್ಟೋ ವರ್ಷದಿಂದ ಲೋವೆಲ್‌ಗೆ ಇಂಥ ನಗು ಸಿಕ್ಕಿರಲಿಲ್ಲ. ಎದೆ ಬೆಚ್ಚಗಾಯಿತು.

ಡೆಲ್ಫಿನಾ ನಗಲಿಲ್ಲ. “ನಿಜವಾಗ್ಲೂ ಬೇಕಾ ಲೋವೆಲ್?” ಎಂದಳು. “ಇದು ನಿಮ್ಮಣ್ಣ ಅಲ್ವಾ?”

ಎಲ್ಲರೂ ಇನ್ನೂ ನಗುತ್ತಿದ್ದರು. ನಗು ಇಳಿಯುವ ಮೊದಲೇ ಉತ್ತರ ಹೇಳಬೇಕಿತ್ತು.

“ಟೈಪ್ ಮಾಡು,” ಎಂದ ಲೋವೆಲ್ ಮೂಲೆಯ ಹುಡುಗಿಗೆ.

ಗೋಡೆಯ ಮೇಲೆ ಎರಡು ಪುಟವೂ ಮೇಲಿಂದ ಕೆಳಗಿನವರೆಗೆ ನೀಲಿ ಬಣ್ಣಕ್ಕೆ ತಿರುಗಿದವು. ಹುಡುಗಿ ಒಂದು ಕೀಲಿ ಒತ್ತಿದಳು, ಗೋಡೆ ಬೆಳ್ಳಗಾಯಿತು. ಆ ಬಿಳಿಯ ಮೇಲೆ ಟೋಕನ್ನು, ಟವಲ್ಲು, ಅರವತ್ತು ಡಾಲರು ಒಂದೊಂದಾಗಿ ಮೂಡತೊಡಗಿದವು. ಬ್ರೆಟ್ ಅವನ್ನು ಜೋರಾಗಿ ಓದಿದ, ಮತ್ತೆ ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಲೋವೆಲ್ ನಕ್ಕ. ನಗುತ್ತಲೇ ಅವನ ಕೈ ಹಿಂದಕ್ಕೆ ಹೋಗಿ, ಅಂಗಿಯ ಕಾಲರಿನೊಳಗೆ, ಕುತ್ತಿಗೆಗೆ ಅಂಟಿದ ಕೂದಲಿನ ಚೂರುಗಳನ್ನು ಕೊಡವುವ ಹಾಗೆ ಮತ್ತೆ ಮತ್ತೆ ಆಡುತ್ತಿತ್ತು.